ನಾಲ್ಕು ಮೂಲೆಯ ಕ್ರಿಯಾಪದ

ವಿನಾರೋಸ್ ಬಂದರಿನ ಹಿಂದೆ, ಹೋಟೆಲಿನ ನೆಲಮಾಳಿಗೆಯಲ್ಲಿ
ದಿನಕ್ಕೆ ನಾನೂರು ಹಾಸುಬಟ್ಟೆ.
ಯಂತ್ರದ ಬಾಯಿಂದ ಬಿಸಿಬಿಸಿ ಬಂದದ್ದನ್ನು
ಈ ತುದಿ ಎನ್ಕಾರ್ನಾ, ಆ ತುದಿ ಸ್ಮರಾಂಡಾ
ಹಿಡಿದು, ಝಾಡಿಸಿ, ಎಳೆದು
ಒಬ್ಬರತ್ತ ಒಬ್ಬರು ನಡೆದು ಬರುತ್ತಾರೆ.
ಬೆರಳಿಗೆ ಬೆರಳು ತಾಗಿ, ಮೂಲೆ ಕೈ ಬದಲಾಗಿ
ಮತ್ತೆ ಹಿಂದೆ ಸರಿಯುತ್ತಾರೆ.
ಹನ್ನೊಂದು ವರ್ಷ.

ಮೊದಲ ದಿನ ಸಂಜೆ ಐದಕ್ಕೆ
ಎನ್ಕಾರ್ನಾ ಏಪ್ರನ್ ಬಿಚ್ಚಿ ಮೊಳೆಗೆ ತೂಗಿ
"ಪ್ಲೇಗೊ" ಅಂದಳು.
ಆ ಕರಾವಳಿಯ ನುಡಿಯಲ್ಲಿ ಅದಕ್ಕೆ
ಇವತ್ತಿನ ದುಡಿಮೆ ಮುಗೀತು ಅಂತ.
ಸ್ಮರಾಂಡಾ ಬೆಚ್ಚಿದಳು.
ಬೊಟೊಶಾನಿಯಿಂದ ಮೂರು ದಿನ ಬಸ್ಸಲ್ಲಿ ಕೂತು
ಸೊಂಟ ಕಳಕೊಂಡು ಬಂದವಳ ಕಿವಿಗೆ
ಅದು "ಪ್ಲೆಕ್" ಅಂತ ಕೇಳಿಸಿತು. ಹೊರಟೆ, ಅಂತ.
ತಾನೇ ಹೊಸಿಲಲ್ಲಿ ನಿಂತು ಆಡಿ ಬಂದ ಮಾತು.
ಇಲ್ಲಿಗೆ ಯಾರು ಕದ್ದು ತಂದರು ಅದನ್ನು?

"ಎಲ್ಲಿಗೆ?" ಎಂದು ಕೇಳಿಬಿಟ್ಟಳು, ತನ್ನ ಭಾಷೆಯಲ್ಲೇ.
"ಮನೆಗೆ, ಇನ್ನೆಲ್ಲಿಗೆ?" ಅಂದಳು ಅವಳು,
ಹುಬ್ಬು ನೋಡಿಯೇ ಅರ್ಥಮಾಡಿಕೊಂಡು.

ರೋಮಿನವರ ಬಾಯಲ್ಲಿ ಅದು ಒಂದೇ ಮಾತಾಗಿತ್ತು: ಪ್ಲಿಕಾರೆ.
ಮಡಿಸು. ಅಷ್ಟೇ.
ದಡ ಕಂಡ ನಾವಿಕರು ಹಾಯಿ ಮಡಿಸಿದರಂತೆ,
ಅದಕ್ಕೇ ಸ್ಪೇನಿನಲ್ಲಿ 'ಯೆಗಾರ್' ಎಂದರೆ ತಲುಪುವುದು.
ದಾನ್ಯೂಬಿನಾಚೆ ದಂಡಿನವರು ಡೇರೆ ಮಡಿಸಿದರಂತೆ,
ಅದಕ್ಕೇ ರುಮೇನಿಯಾದಲ್ಲಿ ಅದೇ ಮಾತಿಗೆ ಬಿಟ್ಟುಹೋಗುವುದು.
ಈ ಅಂತೆಕಂತೆ ಪಂಡಿತರದ್ದು, ಅವರಲ್ಲೇ ಒಮ್ಮತವಿಲ್ಲ.
ಹಾಯಿ ಕೊಳೆಯಿತು, ಗೂಟ ಮಣ್ಣಾಯಿತು,
ಸಾಕ್ಷಿ ಹೇಳಲು ಯಾರಿದ್ದಾರೆ?
ನಂಬಿಕೆ ಬಾರದ ದಿನ
ನಾನೊಂದು ಅಂಗಿ ಮಡಿಸಿ ನೋಡುತ್ತೇನೆ.
ಕಪಾಟಿಗೋ, ಪೆಟ್ಟಿಗೆಗೋ,
ಕೈಗೆ ಗೊತ್ತಿರುವುದಿಲ್ಲ.

ನಗಬೇಡಿ, ನನ್ನ ನುಡಿಯೂ ಸಾಚಾ ಅಲ್ಲ.
ಮಡಿ ಅನ್ನಿ.
ಒಗೆದು ಹಿಂಡಿ ಗಳಕ್ಕೆ ಹರವಿದ್ದು ಮಡಿ,
ದೂರ ನಿಲ್ಲು ಅನ್ನುವುದೂ ಮಡಿ,
ಕೊತ್ತಂಬರಿ ಚೆಲ್ಲಿದ ಪಾತಿಯೂ ಮಡಿ,
ಎರಡಾದರೆ ಇಮ್ಮಡಿ,
ಯುದ್ಧದಿಂದ ಬಾರದೇ ಹೋದರೆ ಮಡಿದ.
ಒಂದೇ ಬಸಿರಿನವೋ ಇವು,
ಹೆಸರು ಮಾತ್ರ ಹಂಚಿಕೊಂಡ ದಾರಿಹೋಕರೋ,
ಕೇಳಿದರೆ ಒಂದೊಂದು ನಿಘಂಟು ಒಂದೊಂದು ಹೇಳುತ್ತದೆ.

ಪ್ರತಿ ನವೆಂಬರಿಗೆ, ಹೋಟೆಲು ಖಾಲಿಯಾದಾಗ
ಸ್ಮರಾಂಡಾ ಊರಿಗೆ ಹೋಗುತ್ತಾಳೆ.
ಬಾಗಿಲು ತೆರೆದ ಮಗಳು ಇಲಿಂಕಾ
ಚೀಲ ಇಳಿಸುವ ಮೊದಲೇ ಕೇಳುತ್ತಾಳೆ:
ಯಾವಾಗ ಹೊರಡ್ತೀ?
ಯಾವ ಊರಲ್ಲಿ ನಿಂತು ಯಾವ ಮಾತು ಆಡಬೇಕು,
ಹಾಯಿ ಯಾವುದು, ಡೇರೆ ಯಾವುದು,
ಬಸ್ಸಿನಲ್ಲಿ ಮೂರು ದಿನ ಯೋಚಿಸಿದರೂ
ಬಗೆಹರಿಯುವುದಿಲ್ಲ. ನಿದ್ದೆ ಬರುತ್ತದೆ.

ಮೊನ್ನೆ ಶುಕ್ರವಾರ ಎನ್ಕಾರ್ನಾಗೆ ಅರವತ್ತಾರು.
ಮೇಲಿನವರು ಕೇಕು ಕಳಿಸಿದ್ದರು,
ಹೆಸರಿನಲ್ಲೊಂದು ಅಕ್ಷರ ತಪ್ಪಿಸಿ.
ಐದಕ್ಕೆ ಏಪ್ರನ್ ಬಿಚ್ಚಿದಳು. ಮೊಳೆಗೆ ತೂಗಲಿಲ್ಲ.
ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಿಸಿ
ಕೈಚೀಲದೊಳಗೆ ತುರುಕಿದಳು.
"ಪ್ಲೇಗೊ."
"ಪ್ಲೆಚ್?" ಅಂದಳು ಸ್ಮರಾಂಡಾ. ಹೊರಟೆಯಾ?
ಈ ಸಲ ಅದು ತಪ್ಪಾಗಿ ಕೇಳಿಸಿದ್ದಲ್ಲ.

ಶನಿವಾರ ಒಬ್ಬಳೇ.
ಬಟ್ಟೆಯ ಒಂದಂಚು ಗದ್ದದಡಿ ಒತ್ತಿ ಹಿಡಿದು
ಎರಡೂ ತೋಳು ಚಾಚಿ,
ತನ್ನತ್ತ ತಾನೇ ನಡೆದು ಬರುವುದು ಹೇಗೆಂದು
ಮುನ್ನೂರ ತೊಂಬತ್ತು ಸಲ ಕಲಿತಳು.
ಯಾರೋ ಮೆಟ್ಟಿಲ ಮೇಲಿಂದ ಏನೋ ಕೇಳಿದರು.
ಉತ್ತರಿಸಲಿಲ್ಲ.
ಬಾಯಿ ತೆರೆದರೆ ಬಟ್ಟೆ ಜಾರುತ್ತದೆ.